ಕಂಬದ ಆಚೆ ಎರಡೂವರೆ ಅಡಿ

ಮಾನ್ವಿಯ ವಿರೂಪಣ್ಣನ ಅಕ್ಕಿ ಗಿರಣಿಯಲ್ಲಿ ಕನಕಮ್ಮನ ಮಾತನ್ನು ನಂಬಿದ ಜೀವಗಳು ಎರಡೇ ಎರಡು. ಒಂದು ಅವಳ ಗಂಡ ಗದ್ದೆಪ್ಪ. ಅವನು ಹಮಾಲಿ ಮಾಡುತ್ತಿದ್ದ, ಸತ್ತು ಹನ್ನೊಂದು ವರ್ಷವಾಯಿತು. ಇನ್ನೊಂದು ಗಿರಣಿಯ ಕುಂಟ ನಾಯಿ. ಅದೂ ನಂಬುವುದು ಕನಕಮ್ಮನ ಕೈಯಲ್ಲಿ ರೊಟ್ಟಿ ಇದ್ದಾಗ ಮಾತ್ರ.

ತಪ್ಪು ಅವಳದೇ. ಚೇಳು ಕಂಡರೆ ಎಳೆಗರುವಿನಷ್ಟಿತ್ತು ಅನ್ನುವಳು. ಗದ್ದೆಪ್ಪ ಗೊರಕೆ ಹೊಡೆದರೆ ಕಾಲುವೆಯ ನೀರು ಹಿಂದಕ್ಕೆ ಹರಿದು ಸಿರವಾರದ ರೈತರು ದೊಣ್ಣೆ ಹಿಡಿದು ಬರುತ್ತಿದ್ದರು ಅನ್ನುವಳು. ತನ್ನ ಜೀವಮಾನದಲ್ಲಿ ಬಡಿದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ರಾಯಚೂರಿನ ಕೋಟೆ ಅದರ ಮುಂದೆ ಕೋಳಿ ಗೂಡಿನಂತೆ ಕಾಣುತ್ತಿತ್ತು ಅನ್ನುವಳು. ಮೂರನೇ ತರಗತಿಗೆ ಶಾಲೆ ಬಿಟ್ಟವಳು. ಎಣಿಕೆ ಎಲ್ಲಿ ನಿಲ್ಲಿಸಬೇಕು ಎಂಬ ಪಾಠಕ್ಕೆ ಮೇಷ್ಟ್ರು ಬರುವ ಮೊದಲೇ ಮನೆಗೆ ಬಂದುಬಿಟ್ಟಿದ್ದಳು. ಅಂಗಳದಲ್ಲಿ ಭತ್ತ ಹರವುವ ಹನ್ನೆರಡು ಹೆಂಗಸರು ನಗುತ್ತಿದ್ದರು. ನಕ್ಕರೆ ಕಾಲು ಸುಡುವುದು ಸ್ವಲ್ಪ ಮರೆಯುತ್ತಿತ್ತು. ಹಾಗಾಗಿ ಸುಳ್ಳಿಗೆ ಯಾರೂ ತಕರಾರು ಮಾಡಿರಲಿಲ್ಲ.

ಎರಡು ವರ್ಷದ ಹಿಂದೆ ರಾಯಚೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಮಗಳು ಮೇಘಾ ತನ್ನ ಹಳೆಯ ಫೋನು ಕೊಟ್ಟಳು. ಗಾಜು ಒಡೆದ ಫೋನು. ಆ ಬಿರುಕಿನ ಹಿಂದೆ ಹೋದ ಚಳಿಗಾಲದ ಒಂದು ಸಂಜೆ ದಸ್ತಗೀರ್ ಸಾಬ್ ಕಾಣಿಸಿಕೊಂಡರು. ದೇವದುರ್ಗದವರು, ನಿವೃತ್ತ ವಿಜ್ಞಾನ ಮೇಷ್ಟ್ರು. ತಮ್ಮ ಮನೆಯ ಮಾಳಿಗೆಯ ಮೇಲೆ ನಿಂತು, ಕೊರಳಿಗೆ ಟವೆಲ್ ಸುತ್ತಿಕೊಂಡು, ನಮ್ಮ ಕಡೆಯ ಮಾತಿನಲ್ಲೇ ಆಕಾಶದ ಸುದ್ದಿ ಹೇಳುತ್ತಿದ್ದರು. ನೋಡುವವರು ಇನ್ನೂರು ಮಂದಿ ಇರಬಹುದು. ಅದರಲ್ಲಿ ನೂರು ಮಂದಿ ಅವರ ಹಳೆಯ ಶಿಷ್ಯರು, ಸಂಕೋಚಕ್ಕೆ ನೋಡುವವರು.

ಕನಕಮ್ಮ ಸಂಕೋಚಕ್ಕೆ ನೋಡಲಿಲ್ಲ. ಬಾಯಿ ತೆರೆದುಕೊಂಡು ನೋಡಿದಳು. ಸೂರ್ಯನ ಹೊಟ್ಟೆಯಲ್ಲಿ ಹದಿಮೂರು ಲಕ್ಷ ಭೂಮಿ ತುಂಬಬಹುದಂತೆ. ಯಾವುದೋ ಜಾತಿಯ ನಕ್ಷತ್ರದ ಒಂದು ಚಮಚ ಮಣ್ಣು ಒಂದು ಬೆಟ್ಟಕ್ಕಿಂತ ಭಾರವಂತೆ. ನಾವು ಕಾಣುವ ಕೆಲವು ಚಿಕ್ಕೆಗಳಿಂದ ಬೆಳಕು ಹೊರಟಾಗ ನಮ್ಮ ಮುತ್ತಜ್ಜಿಯರು ಇನ್ನೂ ತೊಟ್ಟಿಲಲ್ಲಿದ್ದರಂತೆ. ಐವತ್ತೆಂಟು ವರ್ಷ ಕಷ್ಟಪಟ್ಟು ಸುಳ್ಳು ಕಟ್ಟಿದವಳಿಗೆ ಅಳುವೇ ಬಂತು. ತನಗಿಂತ ದೊಡ್ಡ ಬಾಯಿಯ ಆಕಾಶ ತಲೆಯ ಮೇಲೇ ಇತ್ತು, ಇಷ್ಟು ದಿನ ಗೊತ್ತೇ ಇರಲಿಲ್ಲ.

ಮಾರನೆಯ ದಿನ ಅಂಗಳದಲ್ಲಿ ಹೇಳಿದಳು. ಆದರೆ ಹದಿಮೂರು ಲಕ್ಷ ಅಂದರೆ ಇವರು ಹೊಡೆದೇ ಬಿಡುತ್ತಾರೆ ಅನ್ನಿಸಿ, ಜೀವನದಲ್ಲಿ ಮೊದಲ ಸಲ ಲೆಕ್ಕ ತಗ್ಗಿಸಿದಳು. "ಸೂರ್ಯನ ಹೊಟ್ಟ್ಯಾಗ ನಮ್ಮಂಥಾ ಭೂಮಿ ಹದಿಮೂರು ಹಿಡೀತಾವಂತ ನೋಡ್ರೆವ್ವಾ" ಅಂದಳು.

"ಹದಿಮೂರಾ!" ಎಂದು ನೆಗೆಣ್ಣಿ ನಾಗವೇಣಿ ಮಗುಚುವ ಹಲಗೆಯನ್ನು ಭತ್ತದಲ್ಲಿ ಊರಿ ನಿಂತಳು. ಗದ್ದೆಪ್ಪನ ತಮ್ಮನ ಹೆಂಡತಿ, ತೆಳ್ಳಗಿನ ಹೆಂಗಸು. "ಅಕ್ಕಾ, ಸುಳ್ಳಿಗೂ ಒಂದು ಹದ್ದು ಇರ್ತದ. ಸೂರ್ಯ ನಮ್ಮ ರೊಟ್ಟಿ ಹಂಚಿನಷ್ಟ ಅದಾನ. ದಿನಾ ನೋಡೂದಿಲ್ಲೇನು?"

ಹನ್ನೆರಡೂ ಜನ ನಕ್ಕರು. ಕನಕಮ್ಮನೂ ನಕ್ಕಳು. ಖರೆ ಮಾತನ್ನು ಅಷ್ಟು ಸಣ್ಣಗೆ ಕತ್ತರಿಸಿ ಕೊಟ್ಟರೂ ಗಂಟಲಲ್ಲಿ ಇಳಿಯಲಿಲ್ಲವಲ್ಲ ಎಂದು ಮಾತ್ರ ಒಳಗೆ ದಣಿವಾಯಿತು.

ಇನ್ನು ಗೆರೆಯ ವಿಷಯ. ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಗಿರಣಿಯಲ್ಲಿ ಮೊದಲು ಊಟಕ್ಕೆ ಭೋಂಗಾ ಕೂಗುತ್ತಿತ್ತು. ಸಂಕ್ರಾಂತಿ ಆದಮೇಲೆ ಅದು ಸುಟ್ಟುಹೋಯಿತು. ಅಂದಿನಿಂದ ಊಟದ ಹೊತ್ತು ಮೇಸ್ತ್ರಿ ಶಿವರಾಜನ ಬಾಯಲ್ಲಿ ಬಂದು ಕೂತಿತು. ಶಿವರಾಜ ಸಂಬಂಧದಲ್ಲಿ ಸಾಹುಕಾರರಿಗೆ ಅಳಿಯನಾಗಬೇಕಾದವನು, ಮೂವತ್ತರ ಮೇಲಾಗಿದ್ದರೂ ಕೂಗುವುದು ಮಾತ್ರ ಮೂರು ವರ್ಷದ ಮಗುವಿನ ಹಟದಲ್ಲಿ. ಲಾರಿ ಬಂದರೆ ಊಟ ಒಂದು ಗಂಟೆಗೆ, ಎರಡು ಲಾರಿ ಬಂದರೆ ಎರಡು ಗಂಟೆಗೆ. ಉಳಿದವರು ಹೊಟ್ಟೆಗೆ ಸೆರಗು ಬಿಗಿದುಕೊಂಡು ತಡೆದಾರು. ನಾಗವೇಣಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿ ಬರುವಳು. ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಎರಡು ತುತ್ತು ಒಳಗೆ ಬೀಳದಿದ್ದರೆ ಕೈ ಗಡಗಡ ನಡುಗಿ ಬೆವರು ಸುರಿದು ಕುಸಿದು ಕೂರುವಳು. ಎರಡು ಸಲ ಕುಸಿದಳು. ಮೂರನೆಯ ಸಲ ಕುಸಿದರೆ ಮನೆಯಲ್ಲೇ ಇರು ಅಂದಿದ್ದ ಶಿವರಾಜ.

ಆವತ್ತು ಕನಕಮ್ಮ ಹೆಂಗಸರನ್ನೆಲ್ಲ ಕಟ್ಟಿಕೊಂಡು ಸಾಹುಕಾರ ವಿರೂಪಣ್ಣನ ಮುಂದೆ ನಿಂತು, ಅಂಗಳದ ಹಳೆಯ ಗೆರೆಯ ಪ್ರಕಾರ ಊಟ ಬಿಡಬೇಕೆಂದು ಕೇಳಿದಳು. ಸಾಹುಕಾರನ ಹಣೆ ತುಂಬ ವಿಭೂತಿ, ಮಾತು ಕಡಿಮೆ, ಸತ್ತ ಅಪ್ಪನ ಮೇಲೆ ಬೆಟ್ಟದಷ್ಟು ಭಕ್ತಿ. ಅಂಗಳದ ನಡುವೆ ಝೇಂಡಾ ಹಾರಿಸುವ ಇಪ್ಪತ್ತು ಅಡಿಯ ಕಬ್ಬಿಣದ ಕಂಬ. ಅದರ ಬುಡದಿಂದ ಲಾರಿ ತೂಗುವ ಕಾಂಟಾದ ಕಡೆಗೆ, ಅಂದರೆ ಉತ್ತರಕ್ಕೆ, ನೆಲದ ಸಿಮೆಂಟಿನಲ್ಲಿ ಹದಿನೈದು ಅಡಿ ಉದ್ದದ ಒಂದು ಗೆರೆ. ಕರೆಂಟಿಲ್ಲದ ಕಾಲದಲ್ಲಿ, ಒಂದು ಸಂಕ್ರಾಂತಿಯ ದಿನ ವಿರೂಪಣ್ಣನ ಅಪ್ಪ ತಾನೇ ಕೂತು ಎಳೆದದ್ದು. ಕಂಬದ ನೆರಳು ಆ ಗೆರೆಯ ಮೇಲೆ ಬಂದು ಮಲಗಿದರೆ ಊಟದ ಹೊತ್ತು.

"ನಮ್ಮಪ್ಪನ ಗೆರಿ ಅದ. ಶಿವರಾಜನ ಮಾತೂ ಬ್ಯಾಡ, ನಿಮ್ಮ ಮಾತೂ ಬ್ಯಾಡ" ಎಂದ ವಿರೂಪಣ್ಣ. "ನೆಳ್ಳು ಗೆರಿ ಮ್ಯಾಲ ಬಿದ್ರ ಊಟ. ಬೀಳಲಿಲ್ಲಂದ್ರ ಇಲ್ಲ. ಆತಿಲ್ಲೋ?"

"ಆತ್ರೀ ಸಾವ್ಕಾರ್ರ! ನಿಮ್ಮಪ್ಪನ ಗೆರಿ ಅಂದ್ರ ಬ್ರಹ್ಮ ಬರದ ಗೆರಿ ಇದ್ದಂಗ್ರೀ" ಅಂದಳು ಕನಕಮ್ಮ. ಒಂದು ಗೇಣು ಹೊಗಳುವ ಕಡೆ ಒಂದು ಹರದಾರಿ ಹೊಗಳದಿದ್ದರೆ ಅವಳಿಗೆ ಸಮಾಧಾನವಿಲ್ಲ.

ಫೆಬ್ರವರಿ, ಮಾರ್ಚ್ ಚೆನ್ನಾಗಿಯೇ ಹೋಯಿತು. ನೆರಳು ಗಡಿಯಾರಕ್ಕಿಂತ ನಿಯತ್ತಿನಿಂದ ಗೆರೆಯ ಮೇಲೆ ಬರುತ್ತಿತ್ತು. ಶಿವರಾಜ ಹಲ್ಲು ಕಡಿಯುತ್ತ ಊಟಕ್ಕೆ ಕೈ ಎತ್ತುತ್ತಿದ್ದ. ನಾಗವೇಣಿ ಹೊತ್ತಿಗೆ ಉಂಡಳು, ಕೆನ್ನೆಯ ಮೇಲೆ ಸ್ವಲ್ಪ ಕಳೆಯೂ ಬಂತು. "ಗೆರಿ ಕೊಡಿಸಿದ್ದು ನಾನು" ಎಂದು ಕನಕಮ್ಮ ದಿನಕ್ಕೆ ಹತ್ತು ಸಲವಾದರೂ ನೆನಪು ಮಾಡುತ್ತಿದ್ದಳು.

ಏಪ್ರಿಲ್ ಕೊನೆಗೆ ಬಿಸಿಲು ನೆತ್ತಿಯೊಳಗೆ ಕೈ ಹಾಕಿ ಮಿದುಳು ಕಲಸುವ ಹಾಗಾಯಿತು. ಕುದಿಸಿದ ಭತ್ತವನ್ನು ಹರವಿ, ಕಾಲಿನಿಂದ ಸಾಲು ಬಿಡಿಸಿ, ಹಲಗೆಯಿಂದ ಮಗುಚಿ, ಮತ್ತೆ ಹರವಬೇಕು. ನೆಲದಿಂದ ಉಗಿ, ಮೇಲಿನಿಂದ ಬೆಂಕಿ. ಆಗ ಒಂದು ದಿನ ಕನಕಮ್ಮ ಗಮನಿಸಿದಳು: ಸಂಕ್ರಾಂತಿಯಲ್ಲಿ ಹದಿನೈದು ಅಡಿ ಇದ್ದ ನೆರಳು ಈಗ ಗೆರೆಯ ಮೇಲೆ ಒಂದು ಗೇಣು ಮಾತ್ರ ಬರುತ್ತಿದೆ. ಮೂರು ದಿನ ಬಿಟ್ಟು ನೋಡಿದರೆ ಅರ್ಧ ಗೇಣು.

ಅದೇ ಸಂಜೆ ದಸ್ತಗೀರ್ ಸಾಬ್ ಮಾಳಿಗೆಯ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿ ಕೂತಿದ್ದರು. ವರ್ಷಕ್ಕೆ ಎರಡು ದಿನ ನಡುಹಗಲಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಆಗ ನಿಂತ ವಸ್ತುವಿಗೆ ನೆರಳೇ ಇರುವುದಿಲ್ಲ, ಅದನ್ನು ಶೂನ್ಯ ನೆರಳಿನ ದಿನ ಅನ್ನುತ್ತಾರೆ ಎಂದರು. "ಮೇ ನಾಲ್ಕಕ್ಕ ಮಾನ್ವಿ, ಐದಕ್ಕ ರಾಯಚೂರು, ಆರಕ್ಕ ನಮ್ಮ ದೇವದುರ್ಗ. ಹನ್ನೆರಡು ಗಂಟಿ ಅಲ್ಲ ಮತ್ತ, ಹನ್ನೆರಡು ದಾಟಿ ಹದಿನೇಳು ಹದಿನೆಂಟು ನಿಮಿಷಕ್ಕ. ಎಲ್ಲಾರೂ ಅಂಗಳಕ್ಕ ಬಂದು ನೋಡ್ರಿ" ಎಂದರು.

ಕನಕಮ್ಮನಿಗೆ ಹಿಗ್ಗೋ ಹಿಗ್ಗು. ಸೂರ್ಯ ಮೊದಲು ಮಾನ್ವಿಗೆ ಬಂದು, ಆಮೇಲೆ ರಾಯಚೂರಿಗೆ ಹೋಗುತ್ತಾನಲ್ಲ! ಮಗಳಿಗೆ ಫೋನು ಮಾಡಿದಳು. "ಮೇಘಾ, ಐದನೇ ತಾರೀಖಿಗೆ ನಡುಮಧ್ಯಾಹ್ನ ಹೊರಗ ಬಂದು ನಿನ್ನ ಕಾಲು ನೋಡ್ಕೋ ಬೇ. ನೆಳ್ಳು ಇರಂಗಿಲ್ಲ."

"ಯವ್ವಾ, ನನಗ ನಿಂದ್ರಾಕ ಪುರಸೊತ್ತಿಲ್ಲ. ವಾರ್ಡಿನಾಗ ಬಿಸಿಲು ಬಡದವರು ಒಂದ ಮಂಚಕ್ಕ ಇಬ್ಬಿಬ್ಬರು ಅದಾರ. ನೆಳ್ಳು ಎಲ್ಲಿ ಹುಡುಕ್ಲಿ? ಇಡ್ತೀನಿ" ಎಂದಳು ಮೇಘಾ.

ಫೋನು ಇಟ್ಟು, ಅನ್ನಕ್ಕೆ ನೀರಿಟ್ಟು, ಒಲೆಯ ಮುಂದೆ ಕೂತಾಗ ಕನಕಮ್ಮನಿಗೆ ಒಂದು ಯೋಚನೆ ಬಂತು. ನಾಲ್ಕನೇ ತಾರೀಖು ನೆರಳಿಲ್ಲ, ಸರಿ. ಐದನೇ ತಾರೀಖು? ಆಮೇಲೆ? ಸೂರ್ಯ ಹಾಗೇ ಮುಂದೆ ಹೋಗುವವನು, ನಿಲ್ಲುವವನಲ್ಲ. ಅನ್ನ ಉಕ್ಕಿತು, ಅವಳು ನೋಡಲಿಲ್ಲ. ಫೋನಿನ ಮೈಕಿನ ಗುರುತು ಒತ್ತಿ ಹಿಡಿದು ದಸ್ತಗೀರ್ ಸಾಬರಿಗೆ ಮಾತು ಕಳಿಸಿದಳು. "ಸಾಬ್ರ, ನಾನು ಮಾನ್ವಿ ಕನಕಮ್ಮ. ನಮ್ಮ ಗಿರಣ್ಯಾಗ ನೆಳ್ಳು ಗೆರಿ ಮ್ಯಾಲ ಬಿದ್ರ ಊಟ ಬಿಡ್ತಾರ್ರೀ. ಗೆರಿ ಉತ್ತರಕ್ಕದ. ನಾಕನೇ ತಾರೀಖು ದಾಟಿದ ಮ್ಯಾಲ ನೆಳ್ಳು ಎಲ್ಲಿ ಬೀಳ್ತದ್ರೀ?"

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಮುದುಕರ ದನಿ ಮೊದಲು ಸಂತೋಷದಲ್ಲಿತ್ತು, ಹೋಗ್ತಾ ಹೋಗ್ತಾ ಮೆತ್ತಗಾಯಿತು. "ಭಾಳ ಚೊಲೋ ಸವಾಲು ಕೇಳೀದಿ ತಾಯಿ. ಸೂರ್ಯ ನೆತ್ತಿ ದಾಟಿ ಉತ್ತರಕ್ಕ ಹೋಗ್ತಾನ. ನಡುಹಗಲಿನ ನೆಳ್ಳು ದಕ್ಷಿಣಕ್ಕ ಬೀಳ್ತದ. ಆಗಸ್ಟ್ ಎಂಟರ ತನಕ ಆ ಗೆರಿ ಮ್ಯಾಲ ನೆಳ್ಳು ಬರೂದ ಇಲ್ಲ." ಆಮೇಲೆ, "ಊಟಕ್ಕ ಏನು ಮಾಡ್ತೀರಿ?" ಎಂದು ಕೇಳಿದರು.

ಮೂರು ತಿಂಗಳು. ತಾನೇ ಜಗಳ ಮಾಡಿ ತಂದ ಗೆರೆ. ಕನಕಮ್ಮ ಒಲೆಯ ಮುಂದೆ ಕೂತೇ ಇದ್ದಳು, ಉಕ್ಕಿದ ಗಂಜಿ ಆರಿ ಗಟ್ಟಿಯಾಗುವ ತನಕ.

ಮರುದಿನ ಹೆಂಗಸರಿಗೆ ಹೇಳಿದಳು. ಅವರು ಇನ್ನೊಂದು ಕಥೆ ಬಂತು ಎಂದು ಹಲಗೆ ಒರಗಿಸಿ ನಿಂತರು.

"ನೆಳ್ಳು ಸಾಯ್ತದಂತ ಬೇ! ಅದರ ತಿಥಿ ಯಾವಾಗ ಮಾಡೋಣು?" ಎಂದಳು ಸವಿತಾ, ಅವರಲ್ಲಿ ಎಲ್ಲರಿಗಿಂತ ಚೂಟಿ.

"ಚ್ಯಾಷ್ಟಿ ಅಲ್ಲ. ಊಟ ತಪ್ಪತದ."

"ಅಕ್ಕಾ, ಮೊನ್ನಿ ಹದಿಮೂರು ಭೂಮಿ ಅಂದಿ, ಕೇಳಿದಿವಿ. ಇವತ್ತು ನೆಳ್ಳ ಇಲ್ಲಂತಿ. ನಾಳೆ ನಾವೂ ಇಲ್ಲಂತಿ" ಎಂದು ನಾಗವೇಣಿ ಪ್ರೀತಿಯಿಂದಲೇ ಗದರಿಸಿದಳು.

ಕನಕಮ್ಮ ಶಿವರಾಜನ ಬಳಿ ಹೋದಳು. ಅವನು ಪೂರ್ತಿ ಕೇಳಿದ. ಕೇಳಿ ಅವನ ಮುಖದ ಮೇಲೆ ಹುಣ್ಣಿಮೆ ಮೂಡಿತು. "ಗೆರಿ ನೀವ ಕೇಳಿದ್ದು ಕನಕಮ್ಮ. ಬ್ರಹ್ಮ ಬರದದ್ದು ಅಂತ ನೀನ ಅಂದಿ. ನೆಳ್ಳು ಗೆರಿ ಮ್ಯಾಲ ಬರ್ಲಿ, ಕೈ ಎತ್ತತೀನಿ. ಬರಲಿಲ್ಲಂದ್ರ ನಾ ಏನು ಮಾಡ್ಲಿ? ಸೂರ್ಯಗ ನೋಟಿಸ್ ಕೊಡ್ಲ್ಯಾ?"

ವಿರೂಪಣ್ಣನಿಗೆ ಹೇಳೋಣವೆಂದರೆ ಅವನು ಹೆಂಡತಿ ಬಸವಂತಮ್ಮನ ಜೊತೆ ಕಾಶಿಗೆ ಹೋಗಿದ್ದ. ಹತ್ತನೇ ತಾರೀಖಿಗೆ ವಾಪಸು. ಕಾಶಿಯಲ್ಲಿ ಫೋನು ಎತ್ತುವುದಿಲ್ಲವೆಂದು ಹರಕೆ.

ನಾಲ್ಕನೇ ತಾರೀಖು ಬಂತು. ಮುಗಿಲಲ್ಲಿ ಬೆರಳಗಲ ಮೋಡವಿಲ್ಲ. ಹನ್ನೆರಡರ ಹೊತ್ತಿಗೆ ಕಂಬದ ನೆರಳು ಪಶ್ಚಿಮಕ್ಕೆ ಮೊಳದುದ್ದ ಬಿದ್ದಿತ್ತು. ಮಗುಚುತ್ತ ಮಗುಚುತ್ತ ಎಲ್ಲರ ಕಣ್ಣೂ ಅಲ್ಲೇ. ನೆರಳು ಕುಗ್ಗಿತು. ಗೇಣಾಯಿತು. ಬೆರಳಾಯಿತು. ಆಮೇಲೆ ಕಂಬ ಒಂದೇ ಉಳಿಯಿತು. ಸುಡುವ ಸಿಮೆಂಟಿನ ಮೇಲೆ ಕಬ್ಬಿಣದ ಕಂಬ, ಯಾರೋ ಅಲ್ಲಿ ಹೊರಗಿನಿಂದ ತಂದು ಅಂಟಿಸಿದ ಹಾಗೆ.

ಸವಿತಾ ತನ್ನ ಸುತ್ತ ಒಂದು ಸುತ್ತು ತಿರುಗಿ ನೋಡಿಕೊಂಡಳು. ಅವಳ ನೆರಳು ಪಾದದ ಕೆಳಗೆ ಸೇರಿ ಕೂತಿತ್ತು. "ಯವ್ವಾ, ಖರೇನ ಹೋತಲ್ಲ!" ಎಂದು ಎದೆ ಮುಟ್ಟಿಕೊಂಡಳು.

ಅದು ಆಕಾಶ ಕನಕಮ್ಮನ ಮಾತು ಉಳಿಸಿದ ಗಳಿಗೆ. ಅವಳು ಕುಣಿಯಬೇಕಿತ್ತು. ಆದರೆ ಕಣ್ಣು ನಾಗವೇಣಿಯ ಕೈಯ ಮೇಲಿತ್ತು. ಹಲಗೆ ಹಿಡಿದ ಆ ಕೈ ಆಗಲೇ ನಡುಗಲು ಶುರುವಾಗಿತ್ತು. ಕಂಬದ ನೆರಳು ಆಚೆ ಬದಿಗೆ, ಪೂರ್ವಕ್ಕೆ ಹೊರಳಿ ಬೆಳೆಯತೊಡಗಿತು. ಗೆರೆಯನ್ನು ಮುಟ್ಟಲೇ ಇಲ್ಲ.

"ಊಟ?" ಎಂದು ಸವಿತಾ ಕೂಗಿದಳು.

"ನೆಳ್ಳು ಗೆರಿ ಮ್ಯಾಲ ಬಿದ್ದಿಲ್ಲ" ಎಂದ ಶಿವರಾಜ ಕಾಂಟಾದ ನೆರಳಿನಿಂದ. "ಬರ್ತದ, ಕಾಯ್ರಿ. ನಡುವ ಕೂತವರು ನಾಳಿಂದ ಮನ್ಯಾಗ ಕೂಡ್ರಿ."

ಆವತ್ತು ಊಟ ಸಿಕ್ಕಿದ್ದು ಎರಡೂಕಾಲಿಗೆ, ಲಾರಿ ತುಂಬಿ ಹೋದ ಮೇಲೆ. ಅಷ್ಟರಲ್ಲಿ ನಾಗವೇಣಿ ಭತ್ತದ ಮೇಲೆ ಕುಸಿದಿದ್ದಳು. ಕನಕಮ್ಮ ಸೆರಗಿನ ಗಂಟಿನಿಂದ ಬೆಲ್ಲದ ಚೂರು ತೆಗೆದು ಅವಳ ನಾಲಿಗೆಯ ಕೆಳಗೆ ಇಟ್ಟು, ತನ್ನ ಸೀರೆಯಲ್ಲಿ ಮುಖಕ್ಕೆ ನೆರಳು ಮಾಡಿ ನಿಂತಳು. ನಾಗವೇಣಿಗೆ ಅಂಗಳದಲ್ಲಿ ಸಿಕ್ಕ ನೆರಳು ಅದೊಂದೇ.

ಮಾರನೆಯ ದಿನವೂ ಹಾಗೇ. ಅದರ ಮರುದಿನ ನಾಗವೇಣಿ ಬರಲಿಲ್ಲ. "ನಾಕು ದಿನ ಮನ್ಯಾಗ ಇರ್ಲಿ, ಸಾವ್ಕಾರ್ರು ಬಂದ ಮ್ಯಾಲ ನೋಡೋಣು" ಎಂದಿದ್ದ ಶಿವರಾಜ. ಸಾಹುಕಾರರು ಬಂದ ಮೇಲೆ ಅವಳ ಜಾಗಕ್ಕೆ ಬೇರೆಯವಳು ಬರುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹೆಂಗಸರು ಕನಕಮ್ಮನ ಜೊತೆ ಮಾತು ಬಿಟ್ಟರು. ನೆರಳಿನ ಮಾತು ಖರೆಯಾಗಿತ್ತು ಎಂಬುದಕ್ಕೆ ಯಾರೂ ಹೂವಿನ ಹಾರ ತರಲಿಲ್ಲ. ಸಿಟ್ಟು ಗೆರೆಯ ಮೇಲೆ ತಿರುಗಿತು, ಗೆರೆ ತಂದವಳು ಅವಳು. "ಮೊದಲ ಗೊತ್ತಿತ್ತಂದ್ರ ಗೆರಿ ಯಾಕ ಕೇಳಿದಿ?" ಎಂದು ಸವಿತಾ ಒಮ್ಮೆ ಕೇಳಿದಳು. ಮೊದಲು ಗೊತ್ತಿರಲಿಲ್ಲ, ಫೆಬ್ರವರಿಯಲ್ಲಿ ಸಾಬರ ಪಾಠ ಇನ್ನೂ ಶನಿಯ ಉಂಗುರಗಳಲ್ಲೇ ಇತ್ತು ಎಂದು ಹೇಗೆ ಹೇಳುವುದು? ಕನಕಮ್ಮ ಹಲಗೆ ಎತ್ತಿಕೊಂಡು ಮುಂದಿನ ಸಾಲಿಗೆ ಹೋದಳು. ಚೇಳಿಲ್ಲ, ಗೊರಕೆಯಿಲ್ಲ, ರೊಟ್ಟಿಯ ಕೋಟೆಯಿಲ್ಲ. ಹಲಗೆ ನೆಲ ಕೆರೆಯುವ ಸದ್ದು ಒಂದೇ. ಕುಂಟ ನಾಯಿ ಕೂಡ ಬಾಯ್ಲರಿನ ಕಡೆ ಹೋಗಿ ಮಲಗಿತು.

ಸಂಜೆ ಮನೆಗೆ ಬಂದರೆ ಫೋನು ತೆರೆಯಲೂ ಬೇಸರ. ಆದರೂ ಆರನೇ ತಾರೀಖು ದಸ್ತಗೀರ್ ಸಾಬರ ದನಿಯೇ ಬಂದಿತ್ತು. ದೇವದುರ್ಗದಲ್ಲಿ ನೆರಳು ಮಾಯವಾದ ಚಿತ್ರ ಕಳಿಸಿ, "ನಿಮ್ಮ ಊಟದ್ದು ಏನಾತು ತಾಯಿ?" ಎಂದು ಕೇಳಿದ್ದರು. ಅವಳು ಎಲ್ಲ ಹೇಳಿಕೊಂಡಳು. ಯಾರೂ ನಂಬುವುದಿಲ್ಲ ಎಂದೂ ಹೇಳಿದಳು.

"ನನ್ನನ್ನೂ ಯಾರೂ ನಂಬೂದಿಲ್ಲ" ಎಂದರು ಮೇಷ್ಟ್ರು. ದನಿಯಲ್ಲಿ ಮೂವತ್ತೈದು ವರ್ಷದ ಸೀಮೆಸುಣ್ಣದ ಧೂಳು. "ಹೇಳಬ್ಯಾಡ ತಾಯಿ. ಗುರ್ತು ಮಾಡು. ದಿನಾ ನೆಳ್ಳು ಎಲ್ಲಾದಕ್ಕಿಂತ ಗಿಡ್ಡ ಆದಾಗ ಅದರ ತುದಿಗೆ ಒಂದು ಸಣ್ಣ ಕಲ್ಲು ಇಡು. ಆಮ್ಯಾಲ ಕಲ್ಲ ಮಾತಾಡ್ತಾವ."

ಏಳನೇ ತಾರೀಖಿನಿಂದ ಅವಳು ಕಲ್ಲು ಇಟ್ಟಳು, ಹುಣಸೆ ಬೀಜದಷ್ಟು ನಾಲ್ಕು ಹರಳುಗಳನ್ನು ಸೆರಗಿಗೆ ಕಟ್ಟಿಕೊಂಡು ಬಂದು. ಭತ್ತ ಮಗುಚುತ್ತ ಕಂಬದ ಬಳಿ ಬರುವುದು, ನೆರಳು ಎಲ್ಲಕ್ಕಿಂತ ಗಿಡ್ಡವಾಗುವ ಹೊತ್ತಿಗೆ ಬಗ್ಗಿ, ಕಾಲಲ್ಲಿ ಮುಳ್ಳು ಚುಚ್ಚಿದವಳಂತೆ ನಟಿಸಿ, ತುದಿಗೆ ಕಲ್ಲು ಇಡುವುದು. ಎಂಟಕ್ಕೆ ಇನ್ನೊಂದು. ಅದು ಮೊದಲನೆಯದಕ್ಕಿಂತ ಎರಡು ಬೆರಳು ಮುಂದೆ. ಒಂಬತ್ತಕ್ಕೆ ಮತ್ತೆ ಎರಡು ಬೆರಳು ಮುಂದೆ. ಎಲ್ಲವೂ ಬಾಯ್ಲರಿನ ಕಡೆಗೆ, ದಕ್ಷಿಣಕ್ಕೆ.

ಮೂರನೆಯ ಕಲ್ಲು ಇಟ್ಟು ಸೊಂಟ ಹಿಡಿದು ಮೇಲೇಳುವಾಗ ಅವಳಿಗೆ ಅದು ಕಂಡಿತು. ದಸ್ತಗೀರ್ ಸಾಬ್ ಹೇಳಿರಲಿಲ್ಲ, ಫೋನೂ ಹೇಳಿರಲಿಲ್ಲ. ಮೂರು ಕಲ್ಲು, ಕಂಬ, ಆಚೆ ಸಾಹುಕಾರರ ಅಪ್ಪನ ಗೆರೆ. ಎಲ್ಲವೂ ಹಗ್ಗ ಹಿಡಿದು ಎಳೆದ ಹಾಗೆ ಒಂದೇ ಸಾಲಿನಲ್ಲಿದ್ದವು. ಗೆರೆ ಕಂಬದ ಬುಡದಲ್ಲಿ ನಿಂತಿರಲಿಲ್ಲ. ಕಂಬದೊಳಗಿಂದ ತೂರಿ ಆಚೆ ಬಂದಿತ್ತು. ಎಳೆದವರು ಅರ್ಧಕ್ಕೆ ಬಿಟ್ಟಿದ್ದರು, ಅಷ್ಟೇ.

ಉಳಿದ ಒಂದು ಕಲ್ಲನ್ನು ಸೆರಗಿಗೆ ಕಟ್ಟಿ ಹಲಗೆ ಎತ್ತಿಕೊಂಡಳು. ಆವತ್ತೂ ಊಟ ಎರಡಕ್ಕೆ.

ಹತ್ತನೇ ತಾರೀಖು ಬೆಳಿಗ್ಗೆ ವಿರೂಪಣ್ಣ ಬಂದ. ಕಾಶಿಯ ಸುಸ್ತು ಮೈತುಂಬ, ಕೈಯಲ್ಲಿ ಗಂಗೆಯ ಗಿಂಡಿ. ಹನ್ನೊಂದೂವರೆಗೆ ಅಂಗಳಕ್ಕೆ ಇಳಿದಾಗ ಕನಕಮ್ಮ ಎದುರು ಹೋಗಿ ನಿಂತಳು. ಅವನು ಕೂರಲು ಕುರ್ಚಿ ತರಿಸಿಕೊಂಡ.

"ಏನವ್ವಾ ಕನಕಮ್ಮ, ಎಲ್ಲಾ ಆರಾಮ?"

"ಆರಾಮಿಲ್ರೀ. ಆರು ದಿನಾತು ಹೊತ್ತಿಗೆ ಊಟ ಇಲ್ರೀ. ನಾಗವೇಣಿ ಬಿದ್ದಾಳ್ರೀ. ನೆಳ್ಳು ಗೆರಿ ಮ್ಯಾಲ ಬರವಲ್ಲದು."

ವಿರೂಪಣ್ಣನ ಹುಬ್ಬು ಗಂಟಾಯಿತು. "ಅಂದ್ರ? ನಮ್ಮಪ್ಪನ ಗೆರಿ ತಪ್ಪಂತೀಯೇನು?"

ಶಿವರಾಜ ಹತ್ತಿರ ಬಂದು ಕೈಕಟ್ಟಿ ನಿಂತ. ಹೆಂಗಸರು ಮಗುಚುವುದು ಬಿಟ್ಟರು. ಇಲ್ಲಿ ಬಾಯಿ ಜಾರಿದರೆ ಗೆರೆಯೂ ಹೋಯಿತು, ನಾಗವೇಣಿಯ ಜಾಗವೂ ಹೋಯಿತು. ಕನಕಮ್ಮನಿಗೆ ಹೇಳಲು ಎಷ್ಟೋ ಇತ್ತು. ಸೂರ್ಯನ ದಾರಿ, ಭೂಮಿಯ ವಾಲು, ಹದಿಮೂರು ಲಕ್ಷ. ಬ್ರಹ್ಮನೂ ನಾಲಿಗೆಯ ತುದಿಯಲ್ಲೇ ಇದ್ದ. ಎಲ್ಲವನ್ನೂ ನುಂಗಿಕೊಂಡಳು.

"ತಪ್ಪಿಲ್ರೀ. ಬರೋಬ್ಬರಿ ಅದ. ಚಳಿಗಾಲಕ್ಕ ಎಳದಾರ, ಬ್ಯಾಸಗಿ ಪಾಲು ಉಳದದ. ಬರ್ರಿ, ತೋರಸ್ತೀನಿ."

ಕಂಬದ ಬಳಿ ಕರೆದೊಯ್ದು ಮೂರು ಕಲ್ಲು ತೋರಿಸಿದಳು. ಯಾವ ದಿನ ಯಾವುದು ಎಂದಳು. ಇವತ್ತಿನದು ಎಲ್ಲಿ ಬೀಳುತ್ತದೆಂದು ಎರಡು ಬೆರಳು ಅಳೆದು, ಕಲ್ಲು ಇಡದೆ, ಉಗುರಿನಿಂದ ಗೀರಿ ತೋರಿಸಿದಳು. ವಿರೂಪಣ್ಣ ಕೊಡೆ ಬೇಡವೆಂದು ಬಿಸಿಲಲ್ಲೇ ನಿಂತ. ಹನ್ನೆರಡು ದಾಟಿತು. ನೆರಳು ಪಶ್ಚಿಮದಿಂದ ಮೆಲ್ಲಗೆ ಸುತ್ತಿ, ಗಿಡ್ಡವಾಗಿ, ಕಂಬದ ದಕ್ಷಿಣಕ್ಕೆ ಬಂದು, ಕಲ್ಲುಗಳ ಸಾಲಿನ ಮೇಲೆ ಮಲಗಿತು. ತುದಿ ಅವಳ ಉಗುರಿನ ಗೀರಿನ ಮೇಲೆ.

ವಿರೂಪಣ್ಣ ಗೆರೆಯನ್ನು ನೋಡಿದ, ಕಲ್ಲು ನೋಡಿದ, ಮತ್ತೆ ಗೆರೆ ನೋಡಿದ.

"ಎಲ್ಲಿ ತನಕ ಹೋಗ್ತದ ಇದು?" ಎಂದ.

"ಜೂನ್ ಇಪ್ಪತ್ತೊಂದರ ತನಕ ಹೋಗ್ತದ್ರೀ. ಆಮ್ಯಾಲ ಹೊಳ್ಳಿ ಬರ್ತದ. ಆಗಸ್ಟ್ ಎಂಟಕ್ಕ ಮತ್ತ ನಿಮ್ಮಪ್ಪನ ಗೆರಿ ಕಡಿಗೆ."

"ಅಂದ್ರ ಎಷ್ಟು ದೂರ?"

ಅದನ್ನು ಹಿಂದಿನ ಸಂಜೆಯೇ ದಸ್ತಗೀರ್ ಸಾಬರಿಂದ ಕೇಳಿಟ್ಟುಕೊಂಡಿದ್ದಳು. "ಎರಡೂವರಿ ಅಡಿ. ಮ್ಯಾಲೊಂದು ಬೆರಳು ಹೆಚ್ಚು ಕಡಿಮಿ."

ಶಿವರಾಜ ಪಕ್ಕನೆ ನಕ್ಕ. "ಮಾವ, ಈಕಿ ಮಾತು ಕೇಳ್ತೀರೇನು? ಚೇಳು ಕರುವಿನಷ್ಟಿತ್ತು ಅಂದಾಕಿ ಈಕಿ. ಸೂರ್ಯನ ಹೊಟ್ಟ್ಯಾಗ ಹದಿಮೂರು ಭೂಮಿ ಹಾಕಿದಾಕಿ!"

"ಗೊತ್ತದಲೇ" ಎಂದ ವಿರೂಪಣ್ಣ. ಮೂವತ್ತು ವರ್ಷದಿಂದ ಅವನೂ ಕಿವಿ ಮುಚ್ಚಿಕೊಂಡು ಕೂತವನಲ್ಲ. "ಅದಕ್ಕ ನಂಬಾಕತ್ತೀನಿ. ಸುಳ್ಳು ಆಗಿದ್ರ ಈಕಿ ನೆಳ್ಳು ಸಿರವಾರ ದಾಟಿಸ್ತಿದ್ಲು. ಕನಕಮ್ಮ ಎರಡೂವರಿ ಅಡಿಗೆ ನಿಂತಾಳಂದ್ರ ಅದು ಎರಡೂವರಿ ಅಡೀನ ಇರಬೇಕು."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಕನಕಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡಕ್ಕೂ ತ್ರಾಣವಿರಲಿಲ್ಲ. ಕಂಬಕ್ಕೆ ಒರಗಲು ಹೋಗಿ ಕಬ್ಬಿಣ ಸುಟ್ಟು ಕೈ ತೆಗೆದಳು.

"ಶಿವರಾಜ, ಬಣ್ಣದ ಡಬ್ಬಿ ತಗೊಂಬಾ. ಇಲ್ಲಿಂದ ಬಾಯ್ಲರ್ ಕಡಿಗೆ ಮೂರು ಅಡಿ ಎಳಿ. ನಮ್ಮಪ್ಪನ ಗೆರಿಗೆ ನೆಟ್ಟಗ ಬರಬೇಕು, ಸೊಟ್ಟಗಾದ್ರ ನೀನ ಅಳಿಸಬೇಕು. ಇದರ ಮ್ಯಾಲ ನೆಳ್ಳು ಬಂದ್ರೂ ಊಟ, ಅದರ ಮ್ಯಾಲ ಬಂದ್ರೂ ಊಟ." ಹೊರಟ ವಿರೂಪಣ್ಣ ತಿರುಗಿ ನಿಂತ. "ನೆಳ್ಳು ಈಗ ಗೆರಿ ಮ್ಯಾಲ ಅದ. ಉಣ್ಣಾಕ ಹೋಗ್ರಿ ಮತ್ತ, ಯಾಕ ನಿಂತೀರಿ? ಆ ನಾಗವೇಣಿಗೂ ನಾಳಿಂದ ಬಾ ಅಂತ ಹೇಳ್ರಿ."

ಶಿವರಾಜ ಮಂಡಿಯೂರಿ ಕೆಂಪು ಬಣ್ಣ ಬಳಿಯುವಾಗ ನೆಲ ಎಷ್ಟು ಸುಡುತ್ತದೆ ಎಂಬುದು ಅವನಿಗೂ ತಿಳಿಯಿತು. ಸವಿತಾ ತನ್ನ ತಲೆಯ ಸಿಂಬಿ ಬಿಚ್ಚಿ ಮಂಡಿಯ ಕೆಳಗೆ ಹಾಕಿಕೋ ಎಂದು ಕೊಟ್ಟಳು. ಹಾಗೆ ಕೊಡುವಾಗ, "ಯಪ್ಪಾ, ಸೂರ್ಯಗ ನೋಟಿಸ್ ಮುಟ್ಟಿತೇನ್ರೀ?" ಎಂದು ಕೇಳುವುದನ್ನೂ ಬಿಡಲಿಲ್ಲ.

ಮರುದಿನ ನಾಗವೇಣಿ ಬಂದಳು. ಇನ್ನೂ ಸೋತ ಮುಖ, ಕಣ್ಣ ಕೆಳಗೆ ಕಪ್ಪು. ನೆರಳು ಹೊಸ ಗೆರೆಯ ಮೇಲೆ ಬಂತು, ಶಿವರಾಜ ಕೈ ಎತ್ತಿದ, ಹನ್ನೆರಡು ಜನವೂ ಕಾಂಟಾದ ಬಳಿಯ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಕಲ್ಲಲ್ಲಿ ಅರೆದ ಕೆಂಪು ಖಾರ. ಕುಂಟ ನಾಯಿ ವಾಪಸು ಬಂದು ಕನಕಮ್ಮನ ಕಾಲ ಬಳಿ ಕೂತಿತು.

"ಅಕ್ಕಾ" ಎಂದಳು ನಾಗವೇಣಿ, ರೊಟ್ಟಿ ಮುರಿಯುತ್ತ. "ಖರೆ ಹೇಳು. ಸೂರ್ಯನ ಹೊಟ್ಟ್ಯಾಗ ಎಷ್ಟು ಭೂಮಿ ಹಿಡೀತಾವ?"

ಕನಕಮ್ಮ ಬಾಯಲ್ಲಿದ್ದ ತುತ್ತು ನುಂಗಿದಳು. "ಹದಿಮೂರು ಲಕ್ಷ."

"ಮೊನ್ನಿ ಹದಿಮೂರು ಅಂದಿದ್ದಿ."

"ಆವತ್ತು ನಿಮಗ ತಡಕೊಳ್ಳಾಕ ಆಗೂದಿಲ್ಲಂತ ಕಡಿಮಿ ಹೇಳಿದೆ."

ನಾಗವೇಣಿ ಕೈಯಲ್ಲಿದ್ದ ತುತ್ತನ್ನು ನೋಡಿದಳು, ಎಲೆಗಳ ನಡುವೆ ಬಿಳಿ ಬೆಂಕಿಯಾಗಿದ್ದ ಮುಗಿಲನ್ನು ನೋಡಿದಳು. ಈ ಸಲ ನಗಲಿಲ್ಲ. "ಹದಿಮೂರು ಲಕ್ಷ!" ಎಂದು ನಿಟ್ಟುಸಿರು ಬಿಟ್ಟಳು. "ಯವ್ವಾ, ನನಗ ಈ ಒಂದರಾಗ ಸಾಕಾಗ್ಯಾದ."

"ಉಣ್ಣು" ಎಂದಳು ಕನಕಮ್ಮ.

ಸವಿತಾ ಚೇಳಿನ ಕಥೆ ಹೇಳೆಂದು ಪೀಡಿಸಿದಳು. ಕನಕಮ್ಮ ನಾಳೆ ಎಂದಳು. ಅರ್ಧ ರೊಟ್ಟಿ ನಾಯಿಗೆ ಹಾಕಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಬೇವಿನ ಬೊಡ್ಡೆಗೆ ತಲೆ ಕೊಟ್ಟಳು. ಅರ್ಧ ತಾಸು ಇತ್ತು. ಅಂಗಳದ ನಡುವೆ ಕಂಬದ ನೆರಳು ಹೊಸ ಗೆರೆಯನ್ನು ಬಿಟ್ಟು ಆಗಲೇ ಪೂರ್ವಕ್ಕೆ ಸರಿಯತೊಡಗಿತ್ತು, ದಿನಗೂಲಿಗೆ ಹೊರಟ ಮುದುಕಿಯ ಹಾಗೆ, ಕಾಲೆಳೆಯುತ್ತ.